ತಂಗೆವ್ವನ ಒರತಿಗೆ ಸಿಂಹದ ಬಾಯಿ ಬೇಡ

ಮಾನ್ಯರೇ,

ನಮ್ಮ ಒರತಿಗೆ ನೀವು ಮಂಜೂರು ಮಾಡಿರುವ ಸಿಂಹದ ಬಾಯಿ ನಮಗೆ ಬೇಡ. ಅದರ ಸುತ್ತ ಹಾಸಲಿರುವ ಬಣ್ಣದ ಕಲ್ಲು ಬೇಡ, ಸೆಲ್ಫಿ ತೆಗೆದುಕೊಳ್ಳುವವರಿಗೆಂದು ಕಟ್ಟಲಿರುವ ಕಟ್ಟೆ ಬೇಡ, ಗುಡ್ಡದ ಹಿಂದಿನ ಇಳಿಜಾರಿನ ಗಿಡ ಕಡಿದು ಮಾಡಲಿರುವ ವಾಹನ ನಿಲುಗಡೆಯಂತೂ ಬೇಡವೇ ಬೇಡ. ಇದನ್ನೆಲ್ಲ ಆರಂಭದಲ್ಲೇ ಹೇಳಿಬಿಡುತ್ತಿದ್ದೇನೆ. ನಿಮ್ಮ ಕಚೇರಿಯಲ್ಲಿ ಪತ್ರಗಳನ್ನು ಕೊನೆಯವರೆಗೆ ಓದುವ ಪದ್ಧತಿ ಇದೆಯೋ ಇಲ್ಲವೋ ನನಗೆ ತಿಳಿಯದು.

ಮುಂದೆ ಓದುವ ದೊಡ್ಡಮನಸ್ಸು ಮಾಡುವಿರಾದರೆ ಇನ್ನೊಂದು ಮಾತು. ಈ ಪತ್ರದಲ್ಲಿ ಅಲ್ಲಲ್ಲಿ ಸಿಟ್ಟಿದೆ, ಅದಕ್ಕಿಂತ ಹೆಚ್ಚಾಗಿ ನಗುವಿದೆ. ಅಧಿಕಾರಿಗಳ ಮುಂದೆ ಹಲ್ಲು ಕಿಸಿಯಬಾರದೆಂಬ ಮರ್ಯಾದೆ ನನಗೂ ಗೊತ್ತು. ಏನು ಮಾಡಲಿ? ಯುಗಾದಿಯಿಂದ ಈಚೆಗೆ ನಮ್ಮ ವಾಡಿಯಲ್ಲಿ ಯಾರಿಗೂ ಸರಿಯಾಗಿ ಮುಖ ಗಂಟಿಕ್ಕಿಕೊಳ್ಳಲು ಬರುತ್ತಿಲ್ಲ. ಅತ್ತೆ ಸೊಸೆಯರು ಜಗಳಕ್ಕೆ ನಿಂತರೂ ನಡುವೆ ನೀರಿನ ಸಪ್ಪಳ ಕಿವಿಗೆ ಬಿದ್ದು ಕಿಸಕ್ಕನೆ ನಕ್ಕುಬಿಡುತ್ತಾರೆ. ಬತ್ತಿದ ಒರತಿ ತಿರುಗಿ ಬಂದ ಊರಿನ ಅವಸ್ಥೆಯೇ ಹೀಗೆ. ನಿಮ್ಮ ಕಚೇರಿಗೆ ಇಂಥ ಅನುಭವ ಇರಲಿಕ್ಕಿಲ್ಲ, ನೀವು ಈವರೆಗೆ ಬತ್ತಿಹೋದ ಒರತಿಗಳನ್ನಷ್ಟೇ ಕಂಡವರು.

ನಾನು ಅನುಸೂಯಾ. ನಿಪ್ಪಾಣಿ ತಾಲೂಕಿನ ಅಕ್ಕೋಳದಿಂದ ಗುಡ್ಡ ಹತ್ತಿ ಬಂದರೆ ಸಿಗುವ ಉಂಬರವಾಡಿಯವಳು. ಇಳಿಜಾರಿನಲ್ಲಿ ನಮ್ಮದೊಂದು ತುಂಡು ಹೊಲವಿದೆ. ಮನೆಯವರು ಜಕ್ಕಪ್ಪ, ಮದುವೆಗಳಲ್ಲಿ ಬೆಂಜೋ ಬಾರಿಸುತ್ತಾರೆ. ಸದಲಗಾದಿಂದ ಆಚೆ ಕೊಲ್ಲಾಪುರದ ದಿಕ್ಕಿಗೆ ಎಷ್ಟೋ ಮದುಮಕ್ಕಳು ಅವರ ಬೆಂಜೋಕ್ಕೆ ಕುಣಿದಿದ್ದಾರೆ. ನಾನು ಬೀಡಿ ಕಟ್ಟುತ್ತೇನೆ. ನಮ್ಮ ಓಣಿಯ ಹೆಂಗಸರೆಲ್ಲ ಒಂದೇ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಕೂರುತ್ತೇವೆ. ಅವರ ಕೈ ನಡೆಯುತ್ತಿರುವಾಗ ಪೇಪರ್ ಓದಿ ಹೇಳುವ ಕೆಲಸ ನನ್ನದು. ‘ಪರಿಶೀಲನೆಯಲ್ಲಿದೆ’, ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ನಿಮ್ಮ ಭಾಷೆಯನ್ನು ನಾನು ಕಲಿತದ್ದು ಹೀಗೆ. ತಪ್ಪಿದ್ದರೆ ದೋಷ ನಿಮ್ಮ ಪ್ರಕಟಣೆಗಳದ್ದು.

ನಮ್ಮ ಒರತಿಯ ಹೆಸರು ತಂಗೆವ್ವನ ಒರತಿ. ಆ ತಂಗೆವ್ವ ಯಾರೆಂದು ಈಗ ಯಾರಿಗೂ ಗೊತ್ತಿಲ್ಲ. ಯಾರೋ ಈ ಮಣ್ಣಿನ ಮಗಳು. ಅತ್ತಿಮರದ ಬೇರಿನ ಕೆಳಗೆ ಕರಿಕಲ್ಲಿನ ಸಂದಿಯಿಂದ ತೋರುಬೆರಳಿನಷ್ಟು ದಪ್ಪ ನೀರು ಬರುತ್ತಿತ್ತು. ದೊಡ್ಡ ಪ್ರವಾಹವೇನಲ್ಲ, ಆದರೆ ಬಿರುಬೇಸಿಗೆಯಲ್ಲೂ ನಿಂತದ್ದಿಲ್ಲ. ನಾನು ಸೊಸೆಯಾಗಿ ಬಂದ ದಿನ ಅತ್ತೆ ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಒರತಿಗೆ, ಆಮೇಲೆ ದೇವರ ಮುಂದೆ. ‘ದೇವ್ರ ತಡೀತಾನ, ನೀರಡಿಕಿ ತಡ್ಯಂಗಿಲ್ಲ’ ಅಂದಿದ್ದಳು.

ಅಂಥ ಒರತಿಯ ಮೇಲೆ ಒಂದು ದಿನ ನಿಮ್ಮ ಕಚೇರಿಯ ಕಣ್ಣು ಬಿತ್ತು. ನಿಮಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಮಹನೀಯರು ಖುದ್ದಾಗಿ ಬಂದು ನೋಡಿ, ನೀರು ಅವ್ಯವಸ್ಥಿತವಾಗಿ ಹರಿಯುತ್ತಿದೆ ಎಂದು ಅಭಿಪ್ರಾಯಪಟ್ಟರು. ಮಾನ್ಯರೇ, ಅಂದಿನವರೆಗೆ ನೀರಿಗೂ ಶಿಸ್ತಿನ ಕೊರತೆ ಇರುತ್ತದೆಂದು ನಮಗೆ ಗೊತ್ತಿರಲಿಲ್ಲ. ಕಲ್ಲಿನ ಸಂದಿಗೆಲ್ಲ ಸಿಮೆಂಟು ಮೆತ್ತಿ, ಅದರ ಮೇಲೊಂದು ಪೆಟ್ಟಿಗೆ ಕಟ್ಟಿ, ಕಬ್ಬಿಣದ ಮುಚ್ಚಳ ಹಾಕಿ, ಮುಚ್ಚಳಕ್ಕೆ ಬೀಗ ಜಡಿದು, ಒಂದು ನಲ್ಲಿ ಕೂರಿಸಿದರು. ಪೆಟ್ಟಿಗೆಗಿಂತ ದೊಡ್ಡದೊಂದು ಫಲಕ ನಿಲ್ಲಿಸಿ ಅದರ ಮೇಲೆ ತಂಗೆವ್ವನ ಹೆಸರೊಂದನ್ನು ಬಿಟ್ಟು ಉಳಿದವರ ಹೆಸರುಗಳನ್ನೆಲ್ಲ ಬರೆಸಿದರು. ಅದೇ ಸಡಗರದಲ್ಲಿ ಗುಡ್ಡದ ನೆತ್ತಿಗೆ ನೀಲಗಿರಿ ಸಸಿಗಳನ್ನು ಪುಕ್ಕಟೆ ಹಂಚಿದರು. ಮೇಲಿನ ಹೊಲದ ತವನಪ್ಪ ಹೊಲದ ತುಂಬ ಹಚ್ಚಿದರು. ಅವರಿಗೆ ಶಾಲು ಹೊದಿಸಿ ಪ್ರಗತಿಪರ ರೈತ ಎಂದು ಕರೆದರು.

ಮುಂದಿನ ಬೇಸಿಗೆಗೆ ತೋರುಬೆರಳು ಕಿರುಬೆರಳಾಯಿತು. ಅದರಾಚೆಯ ಬೇಸಿಗೆಗೆ ನಲ್ಲಿ ತಿರುಗಿಸಿದರೆ ಒಳಗಿಂದ ಒಂದು ಜೇಡ ಹೊರಬಂತು. ವ್ಯವಸ್ಥಿತವಾಗಿಯೇ ಬಂತು ಅನ್ನಿ.

ಆಮೇಲಿನ ವರ್ಷಗಳ ಕಥೆಯನ್ನು ನಾನು ಉದ್ದ ಮಾಡುವುದಿಲ್ಲ. ಟ್ಯಾಂಕರಿನ ದಾರಿ ಕಾಯ್ದ ಊರಿನ ಕಥೆ ಎಲ್ಲ ಊರಲ್ಲೂ ಒಂದೇ. ಅಳು ಬರುವ ಭಾಗಕ್ಕೆ ಈ ಪತ್ರದಲ್ಲಿ ಜಾಗ ಕಡಿಮೆ, ನಾನು ಬೇಗ ನೀರಿಗೆ ಬರಬೇಕು.

ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ನೂರಜಾನಬಿಯದು. ನನಗಿಂತ ದೊಡ್ಡವಳು, ನಾನು ಅವಳನ್ನು ನೂರಕ್ಕಾ ಅನ್ನುತ್ತೇನೆ. ಆಡು ಸಾಕುತ್ತಾಳೆ, ಬಿಡುವಿದ್ದಾಗ ನಮ್ಮ ಪಡಸಾಲೆಯಲ್ಲಿ ಬೀಡಿ ಕಟ್ಟುತ್ತಾಳೆ. ಅವಳ ಅಕ್ಕನ ಮಗಳು ಕಹಕಶಾ ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುತ್ತಾಳೆ. ಕಲ್ಲು ಕಂಡರೆ ಮಕ್ಕಳು ಮಿಠಾಯಿ ಕಂಡಂತೆ ಓಡುವ ಹುಡುಗಿ. ಒಂದು ರಜೆಗೆ ಬಂದಾಗ ತನ್ನ ಖಾಲಾ, ಅಂದರೆ ಚಿಕ್ಕಮ್ಮ, ಟ್ಯಾಂಕರಿಗೆ ಓಡುವುದನ್ನು ನೋಡಿದಳು, ಬತ್ತಿದ ಒರತಿಯ ಹತ್ತಿರ ಹೋಗಿ ಕೂತಳು, ಆಮೇಲೆ ಸುತ್ತಿಗೆ ಹಿಡಿದು ಗುಡ್ಡವನ್ನೆಲ್ಲ ಸುತ್ತಿದಳು. ಗುಡ್ಡದ ಹಿಂಬದಿಗೂ ಹೋಗಿ ಬಂದಳು. ನಾವು ನಕ್ಕೆವು. ಕಳೆದುಹೋದ ನೀರನ್ನು ಮುಂಬಾಗಿಲು ಬಿಟ್ಟು ಹಿತ್ತಲಲ್ಲಿ ಹುಡುಕುತ್ತಾಳಲ್ಲ ಎಂದು.

ಮುಸ್ಸಂಜೆಯ ಹೊತ್ತಿಗೆ ಪಡಸಾಲೆಗೆ ಬಂದು ನಮ್ಮ ನಡುವೆ ಕೂತು ಹೇಳಿದಳು:

‘ಗುಡ್ಡ ಅಂದ್ರ ಹೋಳಿಗಿ ಒಟ್ಟಿದಂಗ ಐತಿ, ಮಾವಶಿ. ಮ್ಯಾಲ ಕರಿಕಲ್ಲು, ಸೀಳ ಬಿಟ್ಟದ್ದು. ಅದರ ಕೆಳಗ ಕೆಂಪ ಮಣ್ಣಿನ ಪದರ, ಅದು ನೀರ ಇಳ್ಯಾಕ ಬಿಡಂಗಿಲ್ಲ. ಮ್ಯಾಲ ಬಿದ್ದ ಮಳಿ ಸೀಳಿನಾಗ ಇಳದು, ಆ ಕೆಂಪ ಪದರದ ಮ್ಯಾಲ ಜಾರಕೋತ ಬಂದು ಇಲ್ಲಿ ಹೊರಗ ಬೀಳ್ತಿತ್ತು. ನಿಮ್ಮ ಒರತಿ ಬಾಯಿ ಇಲ್ಲೆ ಐತಿ, ಹೊಟ್ಟಿ ಅಲ್ಲೆ ಐತಿ, ನೆತ್ತಿ ಮ್ಯಾಲ ಮತ್ತ ಹಿಂದಿನ ಇಳಿಜಾರಿನಾಗ.’

‘ಹಂಗಾರ ಈಗೇನ ಮಾಡೂದ?’ ಎಂದೆ.

ಅವಳು ಖಾಲಾನ ಮುಖ ನೋಡಿದಳು, ನೆಲ ನೋಡಿದಳು, ಮತ್ತೆ ಖಾಲಾನ ಮುಖ ನೋಡಿದಳು. ‘ಖಾಲಾ, ಹಿಂದಿನ ಇಳಿಜಾರಿಗೆ ಆಡ ಬಿಡಬಾರ್ದು. ಕೆಲವೊಂದ ಮಳಿಗಾಲ ಹುಲ್ಲ ಬೆಳೀಲಿ, ಗಿಡ ಏಳ್ಲಿ. ನೆಲ ಬೋಳ ಆಗೇತಿ, ಮಳಿ ನಿಲ್ಲಂಗೇ ಇಲ್ಲ, ಓಡೇ ಹೊಕ್ಕೈತಿ. ಮ್ಯಾಲ ತವನಪ್ಪ ಕಾಕಾರ ನೀಲಗಿರಿನೂ ತಗೀಬೇಕು, ನೆಲದಾಗಿನ ನೀರೆಲ್ಲ ಅದs ಹೀರತೈತಿ.’

ನೂರಜಾನಬಿ ಮೊರ ಕೆಳಗಿಟ್ಟಳು. ‘ನಿನ್ನ ಕಾಲೇಜ ಕಲಿಸಿದ್ದ ಇದಕ್ಕೇನ? ನನ್ನ ಆಡ ಎಲ್ಲಿ ಮೇಯಬೇಕ? ನಿನ್ನ ಪುಸ್ತಕಾ ಮೇಯಬೇಕ?’

ಎಲ್ಲರೂ ಗೊಳ್ಳೆಂದರು. ಅವಳೊಬ್ಬಳು ನಗಲಿಲ್ಲ. ಆ ಹಿಂದಿನ ಇಳಿಜಾರು ಊರ ಗಾಯರಾಣ, ಅಂದರೆ ಗೋಮಾಳ, ಅವಳ ಆಡುಗಳಿಗೆ ಅದೇ ಅನ್ನ. ನಾನು ಪೇಪರ್ ಓದುವವಳ ಗತ್ತಿನಲ್ಲಿ, ‘ಸಾರ್ವಜನಿಕ ಹಿತದೃಷ್ಟಿಯಿಂದ ವಿಚಾರ ಮಾಡಬೇಕ ನೂರಕ್ಕಾ’ ಅಂದುಬಿಟ್ಟೆ. ನಿಮ್ಮ ಭಾಷೆ ಎಷ್ಟು ಅಪಾಯಕಾರಿ ನೋಡಿ. ಅವಳು ನನ್ನ ಕಡೆ ತಿರುಗಿ ಕೇಳಿದಳು: ‘ಸಾರ್ವಜನಿಕದಾಗ ನಾ ಬರಂಗಿಲ್ಲೇನ ಬೇ?’

ಮೊರ ಎತ್ತಿಕೊಂಡು ಎದ್ದು ಹೋದಳು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿ ಮಾತು ಬಿಡುವುದೆಂದರೆ ಸುಲಭದ ಕೆಲಸವಲ್ಲ, ಮಾನ್ಯರೇ, ಬಹಳ ಶ್ರಮವಾಗುತ್ತದೆ. ನಾನು ಎದುರಿಗೇ ನಿಂತಿದ್ದರೂ ಅವಳು ಹಾದಿಯಲ್ಲಿ ಹೋಗುವ ಯಾರನ್ನೋ ನಿಲ್ಲಿಸಿ, ‘ಅಕಿಗೆ ಹೇಳ್ರಿ, ಅಕಿ ಕೋಳಿ ನಮ್ಮ ಅಂಗಳದಾಗ ಬಂದೈತಿ’ ಅನ್ನುವಳು. ನಾನೂ ಅದೇ ದಾರಿಹೋಕರ ಕೈಯಲ್ಲಿ, ‘ಅಕಿಗೆ ಹೇಳ್ರಿ, ಕೋಳಿಗೆ ನಮ್ಮಿಬ್ರ ಜಗಳಾ ಗೊತ್ತಿಲ್ಲ’ ಎಂದು ಹೇಳಿಸುವೆನು. ಪಾಪ, ಅಕ್ಕೋಳಕ್ಕೆ ಹೊರಟವರು ನಮ್ಮ ಸಂದೇಶ ಮುಟ್ಟಿಸುವುದರಲ್ಲೇ ಬಸ್ಸು ತಪ್ಪಿಸಿಕೊಂಡದ್ದುಂಟು.

ಅವಳ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಊರಿಗೆಲ್ಲ ನೀರು, ಒಬ್ಬಳಿಗೆ ಉಪವಾಸ, ಇದು ಯಾವ ಸೀಮೆಯ ಹಿತ? ಕಹಕಶಾಗೆ ಫೋನು ಮಾಡಿದೆ. ‘ಮಾವಶಿ, ಹೊಲದ ಬದುವಿನ ಮ್ಯಾಲ ಹಾಲವಾಣ ಹಚ್ರಿ, ನುಗ್ಗಿ ಹಚ್ರಿ, ಸೊಪ್ಪು ಕೊಯ್ದ ಕೊಡಾಕ ಬರ್ತೈತಿ. ಆಡಿಗೆ ಹಾಲವಾಣ ಅಂದ್ರ ಜೀವ’ ಅಂದಳು. ನಮ್ಮ ಹೊಲದಲ್ಲಿ ಆಗ ತಂಬಾಕು ಹಾಕುತ್ತಿದ್ದೆವು, ಮೇಲಿಂದ ಕೆಳಗೆ ಸಾಲು ಹೊಡೆದು. ಪ್ರತಿ ಮಳೆಗೂ ನಮ್ಮ ಮಣ್ಣು ನಮಗಿಂತ ಮೊದಲು ಅಕ್ಕೋಳ ಮುಟ್ಟುತ್ತಿತ್ತು. ನಾನೂ ಮನೆಯವರೂ ಇಳಿಜಾರಿಗೆ ಅಡ್ಡವಾಗಿ ಬದು ಹಾಕಿದೆವು. ಬದುವಿನ ಮೇಲೆ ಹಾಲವಾಣದ ಗೂಟ ನೆಟ್ಟೆವು, ನುಗ್ಗೆ, ಸೀತಾಫಲ, ನಡುನಡುವೆ ಮಾವು, ನೇರಳೆ, ಹುಣಸೆ. ಬದುಗಳ ನಡುವೆ ಶೇಂಗಾ, ಜೋಳ. ಒಂದೇ ತುಂಡು ಹೊಲ ಸಂತೆಯ ಹಾಗೆ ಕಾಣತೊಡಗಿತು, ಒಬ್ಬೊಬ್ಬರದು ಒಂದೊಂದು ಅಂಗಡಿ.

ಗೂಟ ಚಿಗುರಿ ಸೊಪ್ಪಾಗುವವರೆಗೆ ಆಡುಗಳು ಕಾಯುತ್ತವೆಯೇ? ಅದಕ್ಕೊಂದು ಉಪಾಯ ಮನೆಯವರು ಹುಡುಕಿದರು. ಕಬ್ಬು ಕಡಿಯುವ ಹಂಗಾಮು. ಸದಲಗಾ ಕಡೆ ಮದುವೆ ಬಾರಿಸಿ ಬರುವಾಗ ಬೆಂಜೋ ಗಾಡಿಯ ತುಂಬ ಕಬ್ಬಿನ ತುದಿಯ ಹಸಿರು ಸೋಗೆ ತುಂಬಿಕೊಂಡು ಬಂದರು. ಝಗಮಗಿಸುವ ದೀಪದ ಮಾಲೆ, ಧ್ವನಿವರ್ಧಕ, ಅದರ ಮೇಲೆ ಸೋಗೆಯ ರಾಶಿ, ರಾಶಿಯ ಮೇಲೆ ಜರಿಯಂಚಿನ ಕೋಟು ಹಾಕಿದ ನನ್ನ ಗಂಡ. ಗಾಡಿಯನ್ನು ನೇರ ನೂರಜಾನಬಿಯ ಬಾಗಿಲಿಗೆ ನಿಲ್ಲಿಸಿ ಇಳಿಸಿದರು.

ಒಳಗಿಂದ ದನಿ ಬಂತು: ‘ಯಾರ ಹೇಳಿದ್ರ ತರಾಕ?’

‘ಮದವಿ ಮನಿಯವ್ರ ಆಯೇರಿ ಕೊಟ್ಟಾರ್ರಿ ಅಕ್ಕಾ. ನಮ್ಮ ಮನ್ಯಾಗ ತಿನ್ನವ್ರ ಯಾರೂ ಇಲ್ಲ’ ಅಂದರು ಇವರು.

ಆಡುಗಳು ಆಯೇರಿಯ ಉಡುಗೊರೆ ಸ್ವೀಕರಿಸಿದವು. ಅವುಗಳ ಒಡತಿ ಸ್ವೀಕರಿಸಲಿಲ್ಲ, ಆದರೆ ಬೇಡ ಎಂದೂ ಅನ್ನಲಿಲ್ಲ. ಆದರೂ ಎಲ್ಲವಕ್ಕೂ ಸಾಲುವಷ್ಟು ಮೇವು ಎಲ್ಲಿಂದ ಬರಬೇಕು? ಕೊನೆಗೆ ಅವಳೇ ಅರ್ಧ ಹಿಂಡನ್ನು ರಾಯಬಾಗದ ತಮ್ಮ ಉಸ್ಮಾನನ ಮನೆಗೆ ಕಳಿಸಿದಳು, ಯಾರೂ ಮತ್ತೆ ಹೇಳದಿದ್ದರೂ. ಟೆಂಪೋ ಹೊರಟಾಗ ಶಹಜಾದಿ ಎಂಬ ಬಿಳಿ ಆಡು ತಿರುವಿನವರೆಗೂ ಕೂಗುತ್ತ ಹೋಯಿತು. ನೂರಜಾನಬಿ ಬರಿಯ ಹಗ್ಗ ಹಿಡಿದು ನಿಂತೇ ಇದ್ದಳು. ಇದೊಂದು ದೃಶ್ಯ ನೆನೆದರೆ ನನಗೆ ನಗು ಬರುವುದಿಲ್ಲ. ಒರತಿಗಾಗಿ ಯಾರು ಏನು ಕೊಟ್ಟರು ಎಂದು ನಿಮ್ಮ ಮುಂದಿನ ಫಲಕದಲ್ಲಿ ಬರೆಯುವುದಾದರೆ ಮೊದಲು ಆ ಹಗ್ಗದ ಬಗ್ಗೆ ಬರೆಸಿ.

ಇನ್ನು ತವನಪ್ಪ. ಅವರಿಗೆ ನೀಲಗಿರಿ ಕಡಿಯುವ ಮನಸ್ಸಿರಲಿಲ್ಲ. ‘ಶಾಲ ಹಾಕ್ಯಾರ್ರಿ ನನಗ, ಕಡದ್ರ ಶಾಲ ತಿರಗಿ ಕೇಳ್ತಾರ’ ಅನ್ನುತ್ತಿದ್ದರು. ಅವರ ತಾಯಿ ಜಿನಮತಿ ಆಯಿ ಗಾಳಿಸದ ನೀರನ್ನು ತುಟಿಗೆ ಹಚ್ಚುವವರಲ್ಲ, ಬಿಳಿ ಬಟ್ಟೆ ಮಡಚಿ ಸೋಸಿಯೇ ಕುಡಿಯುವವರು. ಟ್ಯಾಂಕರ್ ನೀರನ್ನು ಎಷ್ಟು ಸಲ ಸೋಸಿದರೂ ಅವರಿಗೆ ಸಮಾಧಾನವಿಲ್ಲ. ಒಂದು ದಿನ ಮಗನನ್ನು ಕೂರಿಸಿಕೊಂಡು, ‘ತವನಪ್ಪಾ, ತಂಗೆವ್ವನ ನೀರ ಇನ್ನೊಮ್ಮಿ ಸೋಸಿ ಕುಡೀಬೇಕೊ’ ಅಂದರು.

‘ಗಿಡ ಕಡ್ಯೂದ ಪಾಪ ಅಲ್ಲೇನ ಆಯಿ?’

‘ಒಂದ ಕಡದಲ್ಲಿ ನಾಕ ಹಚ್ಚು. ಪಾಪ ಎಲ್ಲಿ ಉಳೀತೈತಿ ನೋಡೂಣು.’

ನೀಲಗಿರಿ ಹೋಯಿತು. ಅದರ ಜಾಗಕ್ಕೆ ಹಲಸು, ಬೇವು, ಬಿದಿರು, ಹೊಂಗೆ, ನೇರಳೆ ಬಂದವು. ಗುಡ್ಡದ ನೆತ್ತಿಯಲ್ಲಿ ಇಳಿಜಾರಿಗೆ ಅಡ್ಡವಾಗಿ ಉದ್ದುದ್ದ ಚರ, ಅಂದರೆ ಮಳೆನೀರು ಇಂಗುವ ಕಾಲುವೆ, ತೋಡಲು ಊರಿಗೆ ಊರೇ ಹೊರಟಿತು. ಬೀಡಿ ಕಟ್ಟುವ ಬೆರಳುಗಳಿಗೆ ಸಲಿಕೆ ಒಗ್ಗುವುದಿಲ್ಲ, ಮೊದಲ ದಿನ ನಮ್ಮ ಕೈ ನೋಡಿ ನಾವೇ ಅತ್ತೆವು. ಡಿಜೆ ಬಂದ ಮೇಲೆ ಕೆಲಸ ಕಡಿಮೆಯಾಗಿದ್ದ ಬೆಂಜೋ ಪಾರ್ಟಿ ಮರುದಿನ ಗುಡ್ಡದ ಮೇಲೆ ಹಾಜರಾಯಿತು. ವರನನ್ನು ಇದಿರುಗೊಳ್ಳುವ ಗತ್ತಿನಲ್ಲಿ ಬಾರಿಸಿದರೆ ಸಲಿಕೆ ತಾನಾಗಿ ಏಳುತ್ತಿತ್ತು. ಒಬ್ಬ ಮುದುಕ ತೋಡುವುದು ಬಿಟ್ಟು ಚರದೊಳಗೇ ಕುಣಿದು, ತಾನು ಮಣ್ಣು ತುಳಿದು ಗಟ್ಟಿ ಮಾಡುತ್ತಿದ್ದೇನೆ ಎಂದು ವಾದಿಸಿದ.

ಮಳೆ ಬಂತು, ಚರ ತುಂಬಿತು, ನೀರು ಇಂಗಿತು. ಬೇಸಿಗೆ ಬಂತು, ಒರತಿ ಬರಲಿಲ್ಲ. ಕೆಳಗಿನವರು, ‘ಉಂಬರವಾಡಿಯವ್ರ ಗುಡ್ಡದಾಗ ಗುಂಡಿ ತೋಡಿ ಮಳಿ ಹೂಳ್ಯಾರ’ ಎಂದು ಸಂತೆಯಲ್ಲಿ ಆಡಿಕೊಂಡರು. ನಿಮ್ಮ ಕಚೇರಿಗೆ ಸಸಿ ಕೇಳಲು ಹೋದರೆ ನೀಲಗಿರಿ ಮಾತ್ರ ಇದೆ ಎಂದರು. ಕಹಕಶಾ ಒಬ್ಬಳೇ, ‘ಗುಡ್ಡಕ್ಕ ಭಾಳ ನೀರಡಿಕಿ ಆಗೇತಿ ಮಾವಶಿ, ಮೊದ್ಲ ಅದು ಕುಡೀಲಿ, ಉಳದ್ರ ನಮಗ ಕೊಡ್ತೈತಿ’ ಅನ್ನುತ್ತಿದ್ದಳು. ನಾವು ತಲೆಯಾಡಿಸುತ್ತಿದ್ದೆವು. ಆಮೇಲೆ ಟ್ಯಾಂಕರಿಗೆ ಓಡುತ್ತಿದ್ದೆವು.

ಆ ದಿನಗಳಲ್ಲಿ ಒಮ್ಮೆ ಪಕ್ಕದ ಊರಿನ ಆಡಿನ ಹಿಂಡು ನಮ್ಮ ಮುಚ್ಚಿದ ಇಳಿಜಾರಿಗೆ ನುಗ್ಗಿತು. ನಾವು ಓಡಿ ಹೋಗುವಷ್ಟರಲ್ಲಿ ಅಲ್ಲಿ ನೂರಜಾನಬಿ ಕೋಲು ಹಿಡಿದು ನಿಂತಿದ್ದಳು. ‘ನನ್ನ ಆಡನ್ನ ಬಿಟ್ಟಿಲ್ಲ, ನಿಮ್ಮವನ್ನ ಹೆಂಗ ಬಿಡ್ಲಿ? ನಡೀರಿ!’ ಆಡುಗಳೂ ಓಡಿದವು, ಆಡಿನವರೂ ಓಡಿದರು, ನಾವೂ ಎರಡು ಹೆಜ್ಜೆ ಹಿಂದೆ ಸರಿದೆವು. ಅಂದಿನಿಂದ ಆ ಇಳಿಜಾರಿಗೆ ಅವಳೇ ಕಾವಲು. ಯಾರೂ ನೇಮಿಸಲಿಲ್ಲ. ಮಾತು ಮಾತ್ರ ಇನ್ನೂ ಬಿಟ್ಟೇ ಇದ್ದಳು.

ಹೀಗೆ ಕೆಲವು ಮಳೆಗಾಲ ಕಳೆದವು. ಈ ವರ್ಷದ ಯುಗಾದಿ ಆಗಿ ಸ್ವಲ್ಪ ದಿನ. ಬಿಸಿಲು ಏರಿತ್ತು. ನೂರಜಾನಬಿ ಕಾವಲು ಮುಗಿಸಿ ಇಳಿದು ಬರುತ್ತ, ನಿಮ್ಮ ಸಿಮೆಂಟು ಪೆಟ್ಟಿಗೆಗಿಂತ ಕೆಳಗೆ ಅತ್ತಿಮರದ ನೆರಳಲ್ಲಿ ಒಂದು ಕಲ್ಲಿನ ಮೇಲೆ ಕೂತಳು. ಕೂತವಳು ಧಡಕ್ಕನೆ ಎದ್ದಳು. ಹಿಂದೆ ಮುಟ್ಟಿ ನೋಡಿದರೆ ಸೀರೆ ಒದ್ದೆ.

‘ಯಾ ಮನಿಹಾಳ ಆಡ ಇಲ್ಲಿ ಉಚ್ಚಿ ಹೊಯ್ದೈತಿ!’ ಎಂದು ಇಡೀ ಗುಡ್ಡಕ್ಕೆ ಕೇಳುವಂತೆ ಬೈದಳು. ಬೈದ ಮೇಲೆ ಸುತ್ತ ನೋಡಿದಳು. ಆಡು ಎಲ್ಲಿಂದ ಬರಬೇಕು? ತಾನೇ ಬಿಟ್ಟಿಲ್ಲ. ಬಗ್ಗಿ ನೋಡಿದಳು. ಕಲ್ಲಿನ ಅಂಚಿನಲ್ಲಿ ನೀರು ಮಣಿಮಣಿಯಾಗಿ ಹುಟ್ಟಿ, ಮಣಿ ದಪ್ಪವಾಗಿ, ಒಡೆದು, ಹಿಂದೆಯೇ ಇನ್ನೊಂದು ಹುಟ್ಟುತ್ತಿತ್ತು. ನಿಮ್ಮ ಪೆಟ್ಟಿಗೆಯನ್ನು ಮುಟ್ಟದೆ, ಬೀಗವನ್ನು ಕೇಳದೆ, ಬೇರೆಯೇ ದಾರಿ ಹುಡುಕಿಕೊಂಡು ತಂಗೆವ್ವ ಬಂದಿದ್ದಳು.

ನಾನು ಅಂಗಳದಲ್ಲಿ ಬೀಡಿ ಎಲೆ ನೆನೆಹಾಕುತ್ತಿದ್ದೆ. ಮೇಲಿನಿಂದ ಕೂಗು ಕೇಳಿತು: ‘ಅನಸೂ! ಏ ಅನಸೂ! ಬಾರ ಬೇ, ನನ್ನ ಸೀರಿ ಒದ್ದಿ ಆಗೇತಿ!’

ಮಾತು ಬಿಟ್ಟ ಮೇಲೆ ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನಡುವೆ ದಾರಿಹೋಕರಿಲ್ಲ, ಕೋಳಿಯಿಲ್ಲ. ನಾನು ಎಲೆ, ಬುಟ್ಟಿ ಎಲ್ಲ ಬಿಟ್ಟು ಓಡಿದೆ. ಇಬ್ಬರೂ ಮೊಣಕಾಲೂರಿ ಕಲ್ಲು ನೋಡಿದೆವು. ಅವಳು ಬೆರಳು ಅದ್ದಿ ನನ್ನ ಬಾಯಿಗೆ ಹಚ್ಚಿದಳು. ನಾನು ಅದ್ದಿ ಅವಳ ಬಾಯಿಗೆ ಹಚ್ಚಿದೆ. ಮಣ್ಣಿನ ವಾಸನೆ, ಕಲ್ಲಿನ ತಂಪು. ‘ಅಕಿನಽ ಬೇ, ಅಕಿನಽ’ ಅಂದಳು. ಆಮೇಲೆ ಏನು ಮಾತಾಡಿದೆವೋ ನೆನಪಿಲ್ಲ. ಅವಳು ಅಳುತ್ತಿದ್ದಾಳೆಂದು ಸಮಾಧಾನ ಮಾಡಲು ಹೋದೆ, ನೋಡಿದರೆ ನಗುತ್ತಿದ್ದಳು. ಅವಳೂ ನನ್ನ ಬಗ್ಗೆ ಹಾಗೇ ಅಂದುಕೊಂಡಳಂತೆ.

ಊರು ಕೂಡಿತು. ಜಿನಮತಿ ಆಯಿಯನ್ನು ಮಗ ಕೈಹಿಡಿದು ಕರೆತಂದರು. ಅವರು ಸೆರಗಿನಿಂದ ಬಿಳಿ ಬಟ್ಟೆ ತೆಗೆದು, ಮಡಚಿ, ತಂಬಿಗೆಯ ಬಾಯಿಗೆ ಹಿಡಿದು ಕಲ್ಲಿನ ಅಂಚಿಗೆ ಇಟ್ಟರು. ನೀರು ಹನಿಹನಿ. ತಂಬಿಗೆಯ ತಳ ಮುಚ್ಚಿದ ಮೇಲೆ ಎತ್ತಿ ಕುಡಿದು, ಕಣ್ಣು ಮುಚ್ಚಿ, ‘ಸೋಸೂ ಗರಜ ಇರ್ಲಿಲ್ಲ. ಆದ್ರೂ ಸೋಸಿದೆ’ ಅಂದರು. ಊರು ಹೋ ಎಂದು ಕೂಗಿತು. ತವರಿಗೆ ಬಂದ ಮಗಳಿಗೆ ತುಂಬುವಂತೆ ಹೆಂಗಸರು ಅಕ್ಕಿ, ತೆಂಗಿನಕಾಯಿ, ಕುಬಸದ ಕಣ ತಂದು ಕಲ್ಲಿನ ಬದಿಗೆ ತಂಗೆವ್ವನ ಉಡಿ ತುಂಬಿದೆವು. ನೂರಜಾನಬಿ ಹಸಿರು ಬಳೆ ತಂದು ಅತ್ತಿಯ ಟೊಂಗೆಗೆ ತೊಡಿಸಿದಳು. ಮನೆಯವರು ಬೆಂಜೋ ತೆಗೆದರು. ಕಹಕಶಾ ಚಿಕ್ಕೋಡಿಯಿಂದ ಸಿಕ್ಕ ಗಾಡಿ ಹತ್ತಿ ಬಂದಳು, ತಾನು ಕಾಲೇಜಿನ ಮೇಡಂ ಎಂಬುದನ್ನು ಮರೆತು ಕುಣಿದಳು. ಖಾಲಾ ಅವಳ ಕಿವಿ ಹಿಂಡಿ, ‘ಪುಸ್ತಕಾ ಖರೇ ಹೇಳ್ತೈತೇಳ’ ಅಂದು ಎರಡೂ ಕೆನ್ನೆಗೆ ಮುತ್ತಿಟ್ಟಳು.

ಬಸವ ಜಯಂತಿಯ ಹೊತ್ತಿಗೆ ನೀರು ಮತ್ತೆ ಬೆರಳಿನಷ್ಟಾಯಿತು. ಬದುವಿನ ಹಾಲವಾಣ ಸೊಪ್ಪು ತುಂಬಿ ನಿಂತಿತ್ತು. ಉಸ್ಮಾನ ರಾಯಬಾಗದಿಂದ ಆಡುಗಳನ್ನು ತಂದು ಇಳಿಸಿದ. ಶಹಜಾದಿಯ ಹಿಂದೆ ಎರಡು ಮರಿ. ಈಗ ಅವು ಅಂಗಳದಲ್ಲೇ ಕೊಟ್ಟಿಗೆಯಲ್ಲಿ ನಿಂತು ನಮ್ಮ ಹೊಲದ ಸೊಪ್ಪು ತಿನ್ನುತ್ತವೆ, ಅವುಗಳ ಗೊಬ್ಬರ ನಮ್ಮ ಶೇಂಗಾಕ್ಕೆ ಬರುತ್ತದೆ. ಇಬ್ಬರಲ್ಲಿ ಯಾರು ಯಾರ ಋಣದಲ್ಲಿದ್ದೇವೆ ಎಂದು ದಿನಾ ಜಗಳವಾಡುತ್ತೇವೆ, ನೇರವಾಗಿ.

ಇಂಥ ಸುಖದ ನಡುವೆ ಮಾನ್ಯರೇ, ನಿಮ್ಮ ಜೀಪು ಬಂತು.

ಜೀಪಿನಿಂದ ಇಳಿದ ಎಂಜಿನಿಯರ್ ಸಾಹೇಬರು ಒಳ್ಳೆಯ ಮನುಷ್ಯ, ಅವರ ಮೇಲೆ ನಮಗೆ ಸಿಟ್ಟಿಲ್ಲ. ಅವರು ನಕಾಶೆ ಬಿಚ್ಚಿ ತೋರಿಸಿದರು. ‘ನೈಸರ್ಗಿಕ ಝರಿ ಸೌಂದರ್ಯೀಕರಣ’. ನೈಸರ್ಗಿಕವಾದದ್ದಕ್ಕೆ ಇನ್ನೇನು ಸೌಂದರ್ಯ ಬಳಿಯುತ್ತೀರಿ ಎಂದು ಕೇಳುವ ಮೊದಲೇ ಸಿಂಹ ಕಂಡಿತು. ಹೊಸ ಒರತಿಯ ಬಾಯಿಗೆ ಸಿಮೆಂಟು ಮೆತ್ತಿ, ಸಿಂಹದ ಬಾಯಿಯಿಂದ ನೀರು ಬರುವಂತೆ ಮಾಡುವುದು. ನಮ್ಮ ಗುಡ್ಡದಲ್ಲಿ ಸಿಂಹ ಇದ್ದ ಸುದ್ದಿಯನ್ನು ನಮ್ಮ ಮುತ್ತಜ್ಜಿಯರೂ ಹೇಳಿಲ್ಲ. ಇರಲಿ, ಹೊರಗಿನ ಸಿಂಹ ಬಂದರೂ ಒಂದು ತುತ್ತು ರೊಟ್ಟಿ ಹಾಕೋಣ. ಆದರೆ ಸಿಮೆಂಟು? ಹಿಂದಿನ ಸಿಮೆಂಟು ಒರತಿಯ ಉಸಿರು ಕಟ್ಟಿಸಿದ್ದನ್ನು ನೋಡಿಯೂ ಮತ್ತೆ ಅದನ್ನೇ ಮೆತ್ತುವುದು ಯಾವ ಶಾಸ್ತ್ರ?

ನಕಾಶೆಯ ಮೇಲಿನ ತುದಿಯಲ್ಲಿ ಒಂದು ದೊಡ್ಡ ಬೂದು ಚೌಕವಿತ್ತು. ಅದೇನೆಂದು ನೂರಜಾನಬಿ ಕೇಳಿದಳು.

‘ವಾಹನ ನಿಲುಗಡೆ ಅಕ್ಕಾರ. ನೋಡಾಕ ಬರೂ ಮಂದಿಗೆ. ಹಿಂದಿನ ಇಳಿಜಾರ ಖಾಲಿ ಐತೆಲ್ಲ, ಅಲ್ಲಿ ಗಿಡ ತಗದು ಕಲ್ಲ ಹಾಸೂದು.’

ಖಾಲಿ! ಅವಳು ತನ್ನ ಹಿಂಡು ಕಳಿಸಿ, ಕೋಲು ಹಿಡಿದು ಕಾಯ್ದು, ಹುಲ್ಲು ಬೆಳೆಸಿದ ನೆಲ. ಕೂಗಾಡುತ್ತಾಳೆ ಅಂದುಕೊಂಡೆ. ಬಹಳ ಮೆತ್ತಗೆ ಕೇಳಿದಳು: ‘ಸಾಹೇಬ್ರ, ನನ್ನ ಆಡ ನಿಲ್ಲಬಾರ್ದಂಥ ಜಾಗಾದಾಗ ನಿಮ್ಮ ಗಾಡಿ ಹೆಂಗ ನಿಲ್ತಾವ್ರಿ?’

ಸಾಹೇಬರು ಕರವಸ್ತ್ರ ತೆಗೆದರು. ‘ನಾ ಏನ ಮಾಡ್ಲ್ರಿ? ನಕಾಶೆ ಮ್ಯಾಲಿಂದ ಬಂದೈತಿ.’

‘ಮ್ಯಾಲಿಂದ ಮಳಿ ಅಷ್ಟ ಬರಬೇಕ್ರಿ. ಉಳದದ್ದ ಇಲ್ಲಿ ನಿಂತ ಕೇಳಿ ಮಾಡಬೇಕ.’

ಅವರು ಮೊದಲು ಗಾಬರಿಯಾಗಿ, ಆಮೇಲೆ ನಕ್ಕು, ಬಾಟಲಿ ತುಂಬ ತಂಗೆವ್ವನ ನೀರು ತುಂಬಿಕೊಂಡು ಹೋದರು. ಭೂಮಿಪೂಜೆ ಬರುವ ಸೋಮವಾರ ಎಂದು ಹೇಳುವುದನ್ನು ಮಾತ್ರ ಮರೆಯಲಿಲ್ಲ.

ಮಾನ್ಯರೇ, ಸತ್ತ ಒರತಿಗೆ ನಿಮ್ಮ ಕಚೇರಿ ಒಂದು ಸಸಿ ಕೊಡಲಿಲ್ಲ. ಬದುಕಿದ ಒರತಿಗೆ ಸಿಂಹವನ್ನೇ ಕೊಡುತ್ತಿದ್ದೀರಿ. ಹುಟ್ಟಿದ ಮಗುವಿಗೆ ತೊಟ್ಟಿಲು ತರುವವರು ಮಗುವಿನ ಮೇಲೆಯೇ ತೊಟ್ಟಿಲು ಇಡುತ್ತಾರೆಯೇ? ಗುಡ್ಡದ ಹೊಟ್ಟೆಗೆ ಕಲ್ಲು ಹಾಸಿ ಬಾಯಿಂದ ನೀರು ಸುರಿ ಅಂದರೆ ಅದು ಎಲ್ಲಿಂದ ತರಬೇಕು? ಕೆಳಗೆ ಅಥಣಿ, ಕಾಗವಾಡದ ಹೊಳೆದಂಡೆಯಲ್ಲಿ ಕೃಷ್ಣೆ ಮನೆ ಬಾಗಿಲಿಗೆ ಬಂದಾಗ ದೋಣಿ ಕಳಿಸುತ್ತೀರಿ, ಹೋದಾಗ ಟ್ಯಾಂಕರ್ ಕಳಿಸುತ್ತೀರಿ. ಮೇಲಿನ ಗುಡ್ಡ ಮಳೆಯನ್ನು ಒಂದಿಷ್ಟು ಹಿಡಿದಿಟ್ಟರೆ ಕೆಳಗಿನವರಿಗೆ ಎರಡೂ ತಾಪತ್ರಯ ಅಷ್ಟರಮಟ್ಟಿಗೆ ಕಡಿಮೆಯಾಗದೇ?

ಆದ್ದರಿಂದ ನಮ್ಮ ಬೇಡಿಕೆ ಇದು. ಸೌಂದರ್ಯೀಕರಣವನ್ನು ರದ್ದು ಮಾಡಿ. ಹಿಂದಿನ ಇಳಿಜಾರನ್ನು ಒರತಿಯ ನೆಲವೆಂದು ಸರಕಾರಿ ದಾಖಲೆಗೆ ಏರಿಸಿ ವಾಡಿಯ ಉಸ್ತುವಾರಿಗೆ ಕೊಡಿ, ನಾಳೆ ನಿಮ್ಮ ಕುರ್ಚಿಗೆ ಬರುವವರು ಅದನ್ನು ಮತ್ತೆ ಖಾಲಿ ಅನ್ನದಂತೆ. ನಿಮ್ಮ ಸಸಿಮಡಿಯಲ್ಲಿ ನೀಲಗಿರಿ ಬಿಟ್ಟು ಹಾಲವಾಣ, ನೇರಳೆ, ಹಲಸು, ಹುಣಸೆ, ಬಿದಿರು ಬೆಳೆಸಿ. ಬೆಳೆಯ ಜೊತೆ ಗಿಡ ಬೆಳೆಸುವ ಗುಡ್ಡದ ರೈತನಿಗೆ ಶಾಲು ಬೇಡ, ಒಳ್ಳೆಯ ಸಸಿ ಸಾಕು. ಚಿಕ್ಕೋಡಿಯ ಗುಡ್ಡಗಳಲ್ಲಿ, ರಾಯಬಾಗದ ಕಲ್ಲುಮರಡಿಗಳಲ್ಲಿ ಬತ್ತಿದ ಒರತಿಗಳು ಇನ್ನೂ ಇವೆ. ಅಲ್ಲಿಗೆ ಸಿಮೆಂಟಿಗೆ ಮೊದಲು ಕಲ್ಲು ಓದಬಲ್ಲವರನ್ನು ಕಳಿಸಿ. ಅವರು ಯಾರ ಮೇವಿನ ನೆಲ ಮುಚ್ಚಬೇಕೆಂದು ಹೇಳುತ್ತಾರೋ ಅವರ ದನಕರು, ಆಡುಕುರಿಯ ಮೇವಿಗೆ ಮೊದಲು ದಾರಿ ಮಾಡಿ, ಆಮೇಲೆ ಬೇಲಿ ಹಾಕಿ. ಸಾರ್ವಜನಿಕದಲ್ಲಿ ಅವರೂ ಬರುತ್ತಾರೆ.

ಇದಾವುದೂ ಸಾಧ್ಯವಿಲ್ಲ ಎಂದಾದರೆ ಸೋಮವಾರ ಬನ್ನಿ. ನಾವು ಹೆಂಗಸರೆಲ್ಲ ಆ ಬೂದು ಚೌಕದ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತ ಕೂತಿರುತ್ತೇವೆ. ನಾನು ಪೇಪರ್ ಓದುತ್ತಿರುತ್ತೇನೆ, ನೂರಜಾನಬಿಯ ಕೈಯಲ್ಲಿ ಕೋಲಿರುತ್ತದೆ, ಬೆಂಜೋ ಇರುತ್ತದೆ. ಗುದ್ದಲಿ ಎಲ್ಲಿ ಹಾಕಬೇಕೆಂದು ನೀವೇ ತೋರಿಸಿ. ಹೊತ್ತಾದರೆ ಊಟ ಮಾಡಿಕೊಂಡೇ ಹೋಗಿ, ಬಂದವರನ್ನು ಹಸಿದು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ.

ಇನ್ನೂ ಬರೆಯುವುದಿತ್ತು. ಆದರೆ ನೀರಿಗೆ ನನ್ನ ಪಾಳಿ ಬಂತೆಂದು ಕೂಗುತ್ತಿದ್ದಾರೆ. ನಾನು ಹೊರಟೆ.

ಇಂತಿ,
ಒಮ್ಮೆ ಅಭಿವೃದ್ಧಿ ಹೊಂದಿ ಹೇಗೋ ಚೇತರಿಸಿಕೊಂಡಿರುವ, ಇನ್ನೊಮ್ಮೆ ತಾಳುವ ಶಕ್ತಿ ಇಲ್ಲದ,
ಅನುಸೂಯಾ
ಉಂಬರವಾಡಿ, ಅಕ್ಕೋಳದ ಮೇಲಿನ ಗುಡ್ಡ